ಸಮುದ್ರದ ದಂಡಿಯ ತನಕ

ಮುಂದಿನ ತಿಂಗಳು ತಾವೂ ಬಂಬಯಿ ದರ್ಶನದ ಬಸ್ಸು ಹತ್ತಬೇಕೆಂದಿದ್ದ ಗುರುರಾಜ ಮಾಸ್ತರರು, ವಾಡಿ ಸ್ಟೇಷನ್ನಿನ ವೇಟಿಂಗ್ ರೂಮಿನಲ್ಲಿ ಪೇಪರನ್ನು ಮುಖಕ್ಕೆ ಹಿಡಿದೇ ಕಿವಿ ತೆರೆದರು. ಶಹಾಬಾದಿನ ಕಲ್ಲುಗಣಿಯ ಸಾಯಬಣ್ಣ, ಅವನ ಹೆಂಡತಿ ನಾಗಮ್ಮ ಅದೇ ಬಸ್ಸಿನ ಸುತ್ತಾಟ ಮುಗಿಸಿ, ಶಹಾಬಾದಿನಲ್ಲಿ ನಿಲ್ಲದ ಗಾಡಿಯಲ್ಲಿ ವಾಡಿಯ ತನಕ ಬಂದು ಪಕ್ಕದ ಬೆಂಚಿನಲ್ಲಿ ಕೂತಿದ್ದರು.

“ಗೈಡ್ ಭೇಲ್ ತಿನಸ್ಲಾಕ ಹೊಟೇಲಿಗೆ ಕರ್ಕೊಂಡು ಹೋದ್ರ, ನೀವು ಮೇಜಿನ ಬುಡಕ ಯಾಕ ಹೊಕ್ರಿ?” ನಾಗಮ್ಮ ಗಂಡನನ್ನು ಕೇಳಿದಳು.

“ನೆಲದ ಕಲ್ಲು ನಮ್ಮ ಖಣೀದು. ಬಡದು ನೋಡಿದೆ. ಗಂಟಿ ಹಂಗ ಅಂತದ!”

“ಏನೋ ಬಿದ್ದದಂತ ವೇಟರ್‌ಗೋಳೂ ನಿಮ್ಮ ಸಂಗಟ ಹುಡಕ್ಲಾಕತ್ರು.”

“ಭಾಳ ಛಲೋ ಮಂದಿ.”

“ಅಷ್ಟರಾಗ ಬಸ್ಸು ನಮ್ಮನ್ನ ಬಿಟ್ಟು ಸಮುದ್ರ ತೋರಸ್ಲಾಕ ಹೋತು.”

“ಮ್ಯೂಜಿಯಂ ತೋರಸ್ಲಿಲ್ಲೇನು ನಿನಗ?”

“ಅದರ ಹತ್ತೋ ಪಾವಟಿಗಿ ಕಲ್ಲಷ್ಟೇ ತೋರಿಸಿದ್ರಿ. ಸಮುದ್ರ ಹ್ಯಾಂಗಿತ್ತಂತ ನಾಳಿ ಬಾಜೂಮನಿ ಇಮಾಮ್ಬೀ ಕೇಳ್ತಾಳ. ಏನ್ ಹೇಳ್ಲಿ?”

“ದಂಡಿ ತನಕ ನಮ್ಮ ಕಲ್ಲೇ ಹಾಸ್ಯಾರಂತ ಹೇಳು.”

“ಅದರ ಮುಂದ?”

“ಮುಂದೇನದ? ಬರೇ ನೀರು.”

ಶಹಾಬಾದಿನ ಗಾಡಿ ಬಂದು ನಿಂತಿತು. ಸಾಯಬಣ್ಣ ಮಾಸ್ತರರ ಕಡೆ ಬಾಗಿದ.

“ಸಾಹೇಬ್ರ, ಸ್ವಲ್ಪ ಕಾಲೆತ್ರಿ.”

ಮಾಸ್ತರರು ಎತ್ತಿದರು. ಅವನು ಬೆರಳ ಗೆಣ್ಣಿನಿಂದ ನೆಲ ಬಡಿಯತೊಡಗಿದ.

ನಾಗಮ್ಮ ಗಂಟೆತ್ತಿಕೊಂಡು ಎದ್ದಳು. “ನಾ ಗಾಡಿ ಹತ್ತತೀನಿ. ನೀವು ಬಡಕೋತ ಇಲ್ಲೇ ಕುಂದ್ರಿ.”

ಅವಳು ತಿರುಗಿ ನೋಡದೆ ನಡೆದಳು. ಗಾಡಿ ಸಿಳ್ಳು ಹಾಕಿತು. ಸಾಯಬಣ್ಣ ಇನ್ನೊಂದು ಸಲ ಬಡಿದು, ಕಿವಿಗೊಟ್ಟು ಕೇಳಿ, ಆಮೇಲೆ ಓಡಿದ.