ತುದಿ ಕಿತ್ತರೂ ಒಡೆಯದ ಸಂಖ್ಯೆ

...ಅಲ್ಲ ಮೇಷ್ಟ್ರೇ, ಬಾಯಿ ಮುಚ್ಚಬೇಡಿ. ಹಲ್ಲಿನ ಡಾಕ್ಟರ್ ಲೆಕ್ಕದ ಮಾತು ತೆಗೆದ್ರೆ ಇಷ್ಟು ಆಶ್ಚರ್ಯವಾ? ಇಂಜೆಕ್ಷನ್ ಇನ್ನೂ ಹಿಡೀಬೇಕು, ಅಲ್ಲೀವರೆಗೆ ಸುಮ್ನೆ ಕೇಳಿಸ್ಕೊಳ್ಳಿ. ಜೀವಮಾನವೆಲ್ಲ ನೀವು ಗಣಿತ ಪಾಠ ಮಾಡಿದ್ದೀರಿ, ಇವತ್ತು ಸ್ವಲ್ಪ ಹೊತ್ತು ನಾನು ಮಾಡ್ತೀನಿ.

ಏಳು, ಮೂರು, ಒಂಬತ್ತು, ಮೂರು, ಒಂಬತ್ತು, ಒಂದು, ಮೂರು, ಮೂರು. ಏಳು ಕೋಟಿ ಮೂವತ್ತೊಂಬತ್ತು ಲಕ್ಷ, ಮುಂದೆ ಇನ್ನೂ ಇದೆ... ಯಾಕೆ ಹುಬ್ಬು ಏರಿಸ್ತೀರಿ? ಗೊತ್ತಾ ಈ ಸಂಖ್ಯೆ? ಹೂಂ ಅಂದ್ರೆ ಸಾಕು. ಗೊತ್ತಿರಲೇಬೇಕು ಬಿಡಿ. ಅವಿಭಾಜ್ಯ. ಒಂದನ್ನ ಬಿಟ್ಟು, ತನ್ನನ್ನೇ ತಾನು ಬಿಟ್ಟು, ಬೇರೆ ಯಾವುದರಿಂದಲೂ ಭಾಗವಾಗಲ್ಲ. ಅಂಥ ಮೊಂಡು ಸಂಖ್ಯೆಗಳು ಬೇಕಾದಷ್ಟಿವೆ ಅಂತೀರಾ? ಇರಲಿ. ಈಗ ಇದರ ಕೊನೇ ಹಲ್ಲು ಕೀಳ್ತೀನಿ, ನೋಡಿ. ಕೊನೇ ಮೂರು ಹೋಯ್ತು. ಉಳಿದದ್ದೂ ಅವಿಭಾಜ್ಯ. ಇನ್ನೊಂದು ಮೂರು ಕಿತ್ತೆ. ಆಗಲೂ ಅವಿಭಾಜ್ಯ. ಹೀಗೇ ಕೀಳ್ತಾ ಹೋದ್ರೆ ಎಪ್ಪತ್ಮೂರು ಉಳಿಯುತ್ತೆ, ಕೊನೆಗೆ ಬರೀ ಏಳು. ಬೊಚ್ಚುಬಾಯಿ ಆದ್ರೂ ಜಗ್ಗಲ್ಲ. ಈ ಜಾತಿಯಲ್ಲಿ ಇದಕ್ಕಿಂತ ದೊಡ್ಡದು ಇಲ್ಲವಂತೆ.

ತುಟಿ ದಪ್ಪ ಆದ ಹಾಗಿದೆಯಾ? ಹಾಂ, ಹಿಡೀತು.

ಯಾರು ಹೇಳಿಕೊಟ್ರು ಅಂತ ತಾನೇ ನಿಮ್ಮ ಕಣ್ಣು ಕೇಳ್ತಿರೋದು? ನನ್ನ ಒಬ್ಬ... ಪೇಷೆಂಟು. ಅವರ ಮನೆ ಫೋನ್ ನಂಬರ್ ಅದೇ ಅಂತೆ. ಹಳೇ ಫೋನು, ಒಂದು ಕರೇನೂ ಬರಲ್ಲ, ಆದ್ರೂ ಅವರಪ್ಪ ಲೈನ್ ತೆಗೆಸೋಕೆ ಬಿಡಲ್ಲವಂತೆ. ದಿನಾ ತಾವೇ ಧೂಳು ಒರೆಸ್ತಾರಂತೆ. ಕೇಳಿದ ಕೂಡಲೇ ನನಗೆ ಆ ಯಜಮಾನರ ಮೇಲೆ ಪ್ರೀತಿ ಬಂದುಬಿಡ್ತು... ತಲೆ ಅಲ್ಲಾಡಿಸಬೇಡಿ, ಇಕ್ಕಳ ಕೈಲಿದೆ.

ಬಾಯಿ ಅಗಲ. ಇನ್ನೂ. ನೋವಾದ್ರೆ ಎಡಗೈ ಎತ್ತಿ... ಬಂತು. ನೋಡಿ, ಬೇರು ಸಮೇತ. ಈ ಹತ್ತಿ ಗಟ್ಟಿಯಾಗಿ ಕಚ್ಕೊಳ್ಳಿ.

ಏನು ಹೇಳ್ತಿದ್ದೆ... ಹಾಂ, ಆ ಸಂಖ್ಯೆಗೆ ಒಂದೇ ಐಬು. ತುದಿಗೆ ಯಾವ ಅಂಕಿ ಸೇರಿಸಿದ್ರೂ ಕೆಟ್ಟುಹೋಗುತ್ತೆ, ಯಾವುದರಿಂದಲಾದ್ರೂ ಭಾಗವಾಗಿಬಿಡುತ್ತೆ. ಹೂಂ ಅಂತೀರಿ. ಸರಿ, ಅದು ಗಣಿತ, ಒಪ್ತೀನಿ. ಆದ್ರೆ ಮಗ ಒಂದು ಹುಡುಗಿ ವಿಷಯ ತೆಗೆದ್ರೆ, ಅವಳ ಮುಖಾನೂ ನೋಡದೆ, 'ನಮ್ಮನೆ ಇರೋ ಹಾಗೇ ಚೆನ್ನಾಗಿದೆ, ತುದಿಗೆ ಯಾರನ್ನೂ ಸೇರಿಸಬೇಡ, ಅದರಲ್ಲೂ ಬೆಳಗಾದ್ರೆ ಕಂಡಕಂಡವರ ಬಾಯಿಗೆ ಕೈ ಹಾಕೋಳನ್ನ' ಅನ್ನೋದು ಯಾವ ಗಣಿತ?

...ಮೇಷ್ಟ್ರೇ?

ಬಾಗಿಲ ಕಡೆ ನೋಡಿದ್ರಿ. ಈಗ ನನ್ನ ಮುಖ ನೋಡ್ತಿದ್ದೀರಿ. ಹಾಗೆ ನೋಡಬೇಡಿ.

ಸರಿ. ಪೇಷೆಂಟ್ ಅಂದಿದ್ದು ಸುಳ್ಳು. ಅವರಿಗೆ ಒಂದು ಹಲ್ಲೂ ಹುಳುಕಿಲ್ಲ. ನಿಮ್ಮನ್ನ ಒಳಗೆ ಕಳಿಸಿ, ಹೊರಗೆ ಬೆಂಚಿನ ಮೇಲೆ ಉಗುರು ಕಚ್ಚುತ್ತಾ ಕೂತಿದ್ದಾರೆ. 'ಇಲ್ಲೇ ಹತ್ತಿರ ಒಳ್ಳೇ ಡಾಕ್ಟರ್ ಇದ್ದಾರೆ, ಬಾ ಅಪ್ಪ' ಅಂತ ನಿಮಗೆ ಹೇಳಿದ್ದು ಅವರು, ಹಾಗೆ ಹೇಳಿ ಅಂತ ಅವರಿಗೆ ಹೇಳಿಕೊಟ್ಟಿದ್ದು ನಾನು. ಹಲ್ಲು ಮಾತ್ರ ನಿಜವಾಗ್ಲೂ ಕೆಟ್ಟಿತ್ತು, ಅದರಲ್ಲಿ ಮೋಸ ಇಲ್ಲ.

ಭುಜ ಯಾಕೆ ಅಲುಗ್ತಿದೆ? ನೋವಾ? ಸಿಟ್ಟಾ? ಮುಖ ಈ ಕಡೆ ತಿರುಗಿಸಿ, ನೋಡೋಣ...

ಅಯ್ಯೋ, ನಗಬೇಡಿ ಮಾವ, ಹತ್ತಿ ಬೀಳುತ್ತೆ.