ಎಡಗೈಲೆ ಕೊಟ್ಟ ಬನ್ನಿ

ಖರೆ ಮಾತು ಹೇಳಾಕತ್ತೇನಿ, ನಗಬ್ಯಾಡ್ರಿ. ಕಂದೀಲು ಸ್ವಲ್ಪ ಸಣ್ಣ ಮಾಡ್ರಿ… ನಮ್ಮ ಸ್ವಾದರತ್ತಿ ಮಗ ಅಂದಪ್ಪನ ಕಣ್ಣಮುಂದ ಆದದ್ದಿದು. ಕರ್ನಾಟಕ ಒಂದಾಗಾಕ ಇನ್ನೂ ಒಂದು ವರ್ಷ ಇತ್ತು.

ದಸರಾದ ಸಂಜಿ. ಅಂದಪ್ಪ, ಅವರಣ್ಣ ಹೇಮಪ್ಪ ಮಾಸ್ತರ, ಇಬ್ಬರೂ ಬನ್ನಿ ಗಿಡಕ್ಕ ಹೋಗಿ ತಮ್ಮೂರು ಡೋಣಿಗೆ ಹೊಳ್ಳಿ ಬರಾಕತ್ತಿದ್ರು. ಕತ್ತಲಾಗಿತ್ತು, ದಶಮಿ ಬೆಳದಿಂಗಳ ಅಷ್ಟ ಇತ್ತು. ಹಾದ್ಯಾಗ ಹಾಳಬಾವಿ. ಮಾಸ್ತರ ಮುಂಡರಗಿ ಶಾಲ್ಯಾಗ ವಿಜ್ಞಾನ ಕಲಸ್ತಿದ್ದ. ಎರಡು ತಿಂಗಳಿಂದ ಮನಿ ಹಿತ್ತಲದಾಗ, ಕಬ್ಬಿಣದ ಸಿಲಿಂಡರಿನ್ಯಾಗ ಜಲಜನಕ ತುಂಬಿ, ಪಂಪ್ ಹಚ್ಚಿ ಒತ್ತಿ ಒತ್ತಿ ಗಟ್ಟಿ ಮಾಡಾಕತ್ತಿದ್ದ. ಹುಚ್ಚಂದ್ರ ಹುಚ್ಚು!

"ತಮ್ಮಾ," ಮಾಸ್ತರ ಪಿಸುಗುಟ್ಟಿದ. "ಪ್ರತಿಯೊಂದು ಕಣಕ್ಕೂ ಒಂದು ಉಲ್ಟಾ ಕಣ ಇರತೈತಿ. ಅಮೆರಿಕಾದಾಗ ಒಂದು ಸಿಕ್ಕೈತಂತ, ಪೇಪರಿನ್ಯಾಗ ಬಂದೈತಿ. ಎರಡೂ ಮುಟ್ಟಿದ್ರ ಎರಡೂ ಇಲ್ಲ… ಬರೇ ಬೆಳಕು."

"ಅಣ್ಣಾ, ಅದಕ್ಕ ನೀ ಯಾಕ ಅಂಜತಿ?"

"ನಿನ್ನೆ ದಿನವೆಲ್ಲಾ ಸಿಲಿಂಡರಿನೊಳಗ ಟಿಕ್… ಟಿಕ್… ಅಂತಿತ್ತು. ಇವತ್ತ ಮುಂಜಾನೆ ನಿಂತೈತಿ. ಅಂಥಾ ಉಲ್ಟಾದ್ದೇನರ ಹುಟ್ಟಿ ಹೊರಗ ಬಂದೈತೋ ಏನೋ…"

ಬಾವಿ ಕಡೆಯಿಂದ ಸರಕ್… ಸರಕ್… ಒಣ ಎಲಿ ತುಳದ ಸಪ್ಪಳ. ಯಾರೋ ಎದುರು ಬಂದ್ರು. ಕೈಯಾಗ ಬನ್ನಿ.

ಅಂದಪ್ಪ ಮಗ್ಗಲಿದ್ದ ಅಣ್ಣನ್ನ ನೋಡಿದ, ಎದುರಿಗೆ ಬಂದಾಂವನ್ನ ನೋಡಿದ. ಬಂದಾಂವ ಹೇಮಪ್ಪ ಮಾಸ್ತರನ! ಅದ ಕೋಟು, ಅದ ಟೊಪ್ಪಿಗಿ. ಆದ್ರ ಮಾಸ್ತರನ ಬಲಗೆನ್ನಿ ಮ್ಯಾಲಿನ ಗಾಯದ ಗುರುತು ಇದರದ್ದು ಎಡಕ್ಕಿತ್ತು. ಎಡಗೈ ಚಾಚಿ, "ಬನ್ನಿ ತಗೊಂಡು ಬಂಗಾರದಂಗ ಇರೂಣು," ಅಂತು. ದನಿನೂ ಅಣ್ಣಂದ.

"ಅಣ್ಣಾ, ಮುಟ್ಟಬ್ಯಾಡ!"

ಮಾಸ್ತರ ಒಂದು ಹೆಜ್ಜಿ ಹಿಂದ ಸರದ. ಆದ್ರ ನಮ್ಮ ಕಡೆ ವೈರಿ ಕೊಟ್ಟ ಬನ್ನಿನೂ ಒಲ್ಲೆ ಅನ್ನಂಗಿಲ್ಲ ನೋಡ್ರಿ. ಹುಟ್ಟಿದಾಗಿಂದ ಬಂದ ರೂಢಿ, ಕೈ ತಾನ ಮುಂದ ಹೋತು. ಅಂದಪ್ಪ ಅಣ್ಣನ ರಟ್ಟಿ ಗಟ್ಟ್ಯಾಗಿ ಹಿಡದು ಜಗ್ಗಿದ…

ಝಗ್! ಹಗಲಾದಂಗ ಬೆಳಕು. ಒಂದೀಟೂ ಸಪ್ಪಳಿಲ್ಲ. ಅಂದಪ್ಪ ಹಿಡದಿದ್ದ ರಟ್ಟಿ ಇಲ್ಲ… ಬರೇ ಮುಷ್ಟಿ.

"ಅಣ್ಣಾ! ಅಣ್ಣಾ!" ಬೆಳತನಕ ಬಾವಿ ಸುತ್ತ ಒದರ್ಯಾಡಿದ. ಮುಂಜಾನೆ ಮಾಸ್ತರನ ಹೆಂಡ್ತಿ ಮಂಜವ್ವ ಓಡಿ ಬಂದ್ಲು, ಬಾವಿಗೆ ಮಂದಿ ಇಳಿಸಿದ್ಲು. ಏನೂ ಸಿಗಲಿಲ್ಲ. ಹಾದಿ ಮ್ಯಾಲ ಗಂಡನ ಚಪ್ಪಲಿ ಅಷ್ಟ ಇದ್ವು. ಎದಿಗವಚಿಕೊಂಡು ಅಳಕೋತ ಮನಿಗೆ ಒಯ್ದ್ಲು ಪಾಪ.

ಇನ್ನೂ ಅದಾವ, ಆ ಮನಿ ಗ್ವಾಡಿ ಮಾಡದಾಗ. ನಾನ ಕೈಯಾಗ ಹಿಡದು ನೋಡೇನಿ, ದೇವರಾಣಿಗೂ ಖರೆ. ಎರಡೂ ಎಡಗಾಲಿನವು.