ಮುದ್ದಯ್ಯನ ಅಂಗಡಿವರೆಗೂ

...ಅಲ್ಲ ಮೇಡಂ, ಬಾಗ್ಲು ಪೂರ್ತಿ ಹಾಕ್ಬಿಡಿ. ಹಾಂ, ಈಗ ಸರಿ. ಸೆಕೆನಾ? ತಡೀರಿ, ಫ್ಯಾನ್ ಹಾಕ್ತೀನಿ. ಬೀದಿ ಕಾಣ್ತಿದ್ರೆ ನಂಗೆ ಮಾತು ಹೊರಡಲ್ಲ, ಗೊತ್ತಲ್ಲ ನಿಮ್ಗೆ.

ಮೊದ್ಲಿಂದ ಹೇಳ್ಬೇಕಾ? ಹೇಳ್ತೀನಿ. ಹಿಂದೆ ಬಂದಾಗೆಲ್ಲಾ ನೀವೇ ಮಾತಾಡಿ ಮಾತಾಡಿ ಎದ್ದು ಹೋದ್ರಿ, ನಾನು ಗೋಡೆ ನೋಡ್ಕೊಂಡು ಕೂತಿದ್ದೆ. ಪಾಪ, ತುಮಕೂರಿಂದ ಈ ಗುಬ್ಬಿವರೆಗೂ ಬಂದು... ಕೂತ್ಕೊಳ್ಳಿ ಅನುಪಮಾ ಮೇಡಂ. ಆ ಕುರ್ಚಿ ಬೇಡ, ಅದ್ರ ಕಾಲು ಅಲ್ಲಾಡುತ್ತೆ. ಈ ಮಂಚದ ಮೇಲೆ ಬನ್ನಿ.

ನಾನು ಬಸ್ ಕಂಡಕ್ಟ್ರು ಆಗಿದ್ದೆ.

ಯಾಕೆ ನಗ್ತೀರಿ? ಇರ್ಲಿ, ನಗಿ. ಎಲ್ರೂ ನಗ್ತಾರೆ. ಹೊಸ್ಲು ದಾಟದ ಹೆಂಗ್ಸು ಶಿರಾದಿಂದ ಕುಣಿಗಲ್‌ವರೆಗೂ "ಯಾರ್ರೀ ಟಿಕೆಟ್, ಒಳಗ್ ನಡೀರಿ, ಒಳಗ್ ನಡೀರಿ" ಅಂತ ಕೂಗ್ತಾ ಹೋಗ್ತಿದ್ಲು ಅಂದ್ರೆ... ನಂಗೇ ಯಾರ್ದೋ ಕಥೆ ಕೇಳ್ದಂಗೆ ಆಗುತ್ತೆ. ಬಾಗ್ಲಲ್ಲಿ ನೇತಾಡ್ತಿದ್ದ ಕಾಲೇಜ್ ಹುಡುಗ್ರು "ಲೇಯ್, ಮಹಾಲಕ್ಷ್ಮಮ್ಮ ಬಂದ್ಲು ಕಣ್ರೋ" ಅಂತ ಮೇಲಕ್ಕೆ ಹತ್ಕೊಳ್ಳೋರು. ಅಂಥ ಬಾಯಿ ನಂದು.

ಅವತ್ತು ತುಮಕೂರು ಶಿರಾ ಗೇಟಲ್ಲಿ ಜಾಮ್. ಬಸ್ಸು ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಕಾಲಿಡಕ್ಕೆ ಜಾಗ ಇಲ್ಲ, ಅಷ್ಟು ಜನ. ಯಾರೋ ಒಬ್ರು "ಒಂದು ಕುಣಿಗಲ್" ಅಂತ ದುಡ್ಡು ಚಾಚಿದ್ರು. ದಿನಾ ಕೇಳೋ ಮಾತೇ... ಆದ್ರೆ ಉಸ್ರು ಬರ್ಲಿಲ್ಲ ಮೇಡಂ. ಎಳ್ಕೊಂಡೆ, ಬರ್ಲಿಲ್ಲ. ಎದೆ ಒಳ್ಗೆ ಯಾರೋ ಗುದ್ದಿದಂಗೆ. ಕೈಲಿದ್ದ ಟಿಕೆಟ್ ಮಿಷಿನ್ ಕೆಳಕ್ಕೆ ಬಿತ್ತು. ಸತ್ತೆ ಅಂದ್ಕೊಂಡೆ. ಸತ್ತೆ, ಸತ್ತೆ, ಇಷ್ಟೊಂದು ಜನದ ಮಧ್ಯೆ ಸತ್ತೆ... ಅಷ್ಟೇ ತಲೇಲಿ.

ಡ್ರೈವರ್ ಅಂಜನಮೂರ್ತಿ, ದೇವ್ರಂಥ ಮನುಷ್ಯ, ಬಸ್ಸು ಪಕ್ಕಕ್ಕೆ ಹಾಕಿ ಆಟೋಲಿ ಆಸ್ಪತ್ರೆಗೆ ಕರ್ಕೊಂಡ್ ಹೋದ. ಎದೆಗೆ ವೈರ್ ಹಚ್ಚಿ ನೋಡಿದ್ರು. ಏನೂ ಇಲ್ವಂತೆ. "ಗ್ಯಾಸ್ಟ್ರಿಕ್ಕು ಕಣಮ್ಮ, ಟೈಮ್‌ಗೆ ಸರಿಯಾಗಿ ಊಟ ಮಾಡು" ಅಂದ್ರು.

ಮಾಡಿದ್ನಲ್ಲ ಊಟ! ಟೈಮ್‌ಗೆ ಸರಿಯಾಗೇ ಮಾಡ್ದೆ. ಮತ್ತೆ ಬಂತು. ಬಸ್ಸಲ್ಲಿ ಬಂತು. ಆಮೇಲೆ ಬಸ್‌ಸ್ಟ್ಯಾಂಡಲ್ಲೇ ಬಂತು. ಆಮೇಲೆ ಬಸ್‌ಸ್ಟ್ಯಾಂಡ್ ನೆನೆಸ್ಕೊಂಡ್ರೆ ಬಂತು. ಮೊದ್ಲು ಬಸ್ಸು ಬಿಟ್ಟೆ. ಆಮೇಲೆ ಸಂತೆ. ಆಮೇಲೆ ನಮ್ಮವ್ವನ ಮನೆ... ಕುಣಿಗಲ್ಲು. ಆಮೇಲೆ ಈ ಬೀದಿ. ಒಂದೊಂದೇ ಬಿಟ್ಟೆ, ಒಲೆ ಮೇಲಿನ ನೀರು ಇಂಗ್ದಂಗೆ. ಗೊತ್ತೇ ಆಗ್ಲಿಲ್ಲ. ನೋಡಿದ್ರೆ ಈ ಮನೆ ಒಂದೇ ಉಳ್ದಿದೆ.

ಅಳು? ಇಲ್ಲ ಮೇಡಂ. ಮೊದಮೊದ್ಲು ಅಳ್ತಿದ್ದೆ. ಈಗ ಏನೂ ಬರಲ್ಲ. ಹಲ್ಲು ಕೀಳೋವಾಗ ಇಂಜೆಕ್ಷನ್ ಕೊಡ್ತಾರಲ್ಲ, ಕೆನ್ನೆ ನಮ್ದೇ, ಆದ್ರೆ ನಮ್ದಲ್ಲ... ಮೈಯೆಲ್ಲಾ ಹಂಗೆ.

ನೋಡಿಸ್ಲಿಲ್ಲ ಅನ್ಬೇಡಿ. ನಮ್ಮವ್ವ ದಾರ ಕಟ್ಟಿಸ್ಕೊಂಡು ಬಂತು, ಕಟ್ಕೊಂಡೆ. ಮಠದ ಅಯ್ನೋರು ವಿಭೂತಿ ಕಳ್ಸಿದ್ರು. ಅವ್ರೇ ಹೇಳಿದ್ರಂತೆ, "ಇದ್ನ ಹಚ್ಚು ತಾಯಿ, ಡಾಕ್ಟ್ರಿಗೂ ತೋರ್ಸು" ಅಂತ. ಸರಿ, ನಮ್ ಯಜಮಾನ್ರು... ತಿಮ್ಮೇಶ್, ನೀವು ನೋಡಿಲ್ಲ, ಬೆಳಿಗ್ಗೆ ಗಾಡಿ ಹತ್ತಿ ಅಂತರಸನಹಳ್ಳಿ ಫ್ಯಾಕ್ಟ್ರಿಗೆ ಹೋದ್ರೆ ಕತ್ತಲಾದ್ಮೇಲೇ ಬರೋದು. ಅವ್ರು ರಜಾ ಹಾಕಿ ತುಮಕೂರಲ್ಲಿ ಒಬ್ರು ಮನಸ್ಸಿನ ಡಾಕ್ಟ್ರ ಹತ್ರ ಹೋದ್ರು. ಎಲ್ಲಾ ಕೇಳ್ಕೊಂಡ್ರಂತೆ. ಕೊನೆಗೆ, "ಪೇಶಂಟ್ ಎಲ್ಲಿ?" ಅಂದ್ರಂತೆ. "ಮನೇಲವ್ಳೆ ಸಾರ್, ಆಚೆ ಬರಕ್ಕಾಗಲ್ಲ, ಅದೇ ಕಾಯ್ಲೆ." "ಕರ್ಕೊಂಡ್ ಬನ್ನಿ. ನೋಡ್ದೆ ಮಾತ್ರೆ ಬರ್ಯಕ್ಕಾಗಲ್ಲ." ಅವ್ರು ಹೇಳೋದೂ ಸರಿನೇ ಅಲ್ವಾ? ಆದ್ರೆ ಕಾಲಿಲ್ದೋನಿಗೆ ಬೆಟ್ಟ ಹತ್ತಿ ಬಾ, ಕಾಲು ಕೊಡ್ತೀನಿ ಅಂದಂಗಾಯ್ತು.

ಕರ್ಕೊಂಡೂ ಹೊರಟ್ರು! ಪಕ್ಕದ್ಮನೆ ಮೂಡಲಗಿರಿಯಪ್ಪನ ಓಮ್ನಿ. ತಲೆ ತುಂಬಾ ಬೆಡ್‌ಶೀಟ್ ಹೊದ್ಸಿ, ಎಮ್ಮೆ ಕರಾನ ಹತ್ತಿಸ್ದಂಗೆ ಹತ್ತಿಸಿದ್ರು. ಊರಾಚೆ ಬಂದಿದೀವಿ ಅಂತ ಮೈಗೆ ಗೊತ್ತಾಗ್ಬಿಡ್ತು. ಗಾಡಿ ಒಂಚೂರು ಸ್ಲೋ ಆಯ್ತು ನೋಡಿ, ಬಾಗ್ಲು ತೆಗ್ದು ಇಳ್ದು ಓಡಿ ಬಂದೆ. ಬರಿಗಾಲಲ್ಲಿ, ಬೆಡ್‌ಶೀಟ್ ಸಮೇತ. ಬೀದಿ ಬೀದಿನೇ ನಿಂತ್ಕೊಂಡು ನೋಡ್ತಿತ್ತು... ಈಗ ನಗಿ, ಪರ್ವಾಗಿಲ್ಲ. ನಗಲ್ವಾ?

ಹೆಲ್ಪ್‌ಲೈನ್ ಅಂತಾರಲ್ಲ, ಅದಕ್ಕೆ ಫೋನ್ ಮಾಡೂ ಕೇಳ್ದೆ. ಒಂದು ಹೆಣ್ಮಗು, ಎಷ್ಟು ನಯವಾಗಿ ಮಾತಾಡ್ತು ಅಂತೀರಿ. ಕೊನೆಗೆ, "ಹತ್ತಿರದ ಆಸ್ಪತ್ರೆಗೆ ಭೇಟಿ ಕೊಡಿ ಅಮ್ಮ." ಆಸ್ಪತ್ರೆ ಇಲ್ಲ ಅಂತ ನಾನೆಲ್ಲಿ ಅಂದೆ? ಆಸ್ಪತ್ರೆ ಐತೆ, ಡಾಕ್ಟ್ರೂ ಅವ್ರೆ, ನಂಗೆ ಕೈಕಾಲೂ ಇದಾವೆ. ಮಧ್ಯೆ ರೋಡ್ ಐತೆ. ಅಷ್ಟೇ.

ವಿಡಿಯೋ ಕಾಲೂ ಆಯ್ತು. ಬೆಂಗ್ಳೂರು ಡಾಕ್ಟ್ರು. ಅಡುಗೆಮನೆ ಮೂಲೇಲಿ ಕೂತು ಎಲ್ಲಾ ಹೇಳ್ಕೊಂಡೆ. ಡಾಕ್ಟ್ರು ಬಾಯಿ ತೆಗ್ದಿದ್ರು, ಏನೋ ಹೇಳ್ತಾರೆ ಅಂತ ಕಾದೆ, ಕಾದೆ... ಎಷ್ಟು ಹೊತ್ತು ಯೋಚ್ನೆ ಮಾಡ್ತಾರಪ್ಪ ಅಂದ್ಕೊಂಡೆ. ನೆಟ್ ಹೋಗಿ ಯಾವ ಕಾಲ ಆಗಿತ್ತೋ. ಅರ್ಧ ಕಥೆ ನಾನು ಒಂದು ಫೋಟೋಗೆ ಹೇಳಿದ್ದೆ!

ಆಮೇಲೆ ಆಸ್ಪತ್ರೆ ಕಡೆಯಿಂದ ಕೌನ್ಸೆಲಿಂಗ್‌ಗೆ ಅಂತ ನೀವು ಬಂದ್ರಿ. "ನೀವು ಬರಕ್ಕಾಗಲ್ಲ ಅಂದ್ರೆ ನಾನೇ ಬರ್ತೀನಿ ಬುಡಿ" ಅಂದ್ರಿ. ಅಷ್ಟ್ ಸಲೀಸಾ ಇದು ಅನ್ನಿಸ್ತು. ಡಾಕ್ಟ್ರಿಗೆ ಹೇಳಿ ಮಾತ್ರೆನೂ ತಂದ್ಕೊಟ್ರಿ. ಮೊದ್ಲು ಬಾಗ್ಲಲ್ಲಿ ನಿಂತ್ಕೊಳ್ಳಿ, ಹೆದರ್ಕೆ ಬಂದ್ರೆ ಬರ್ಲಿ, ತಾನಾಗೇ ಇಳಿಯುತ್ತೆ, ಓಡ್ಬೇಡಿ. ಆಮೇಲೆ ಗೇಟು. ಆಮೇಲೆ ಬೀದಿ ತುದೀಲಿ ಮುದ್ದಯ್ಯನ ಅಂಗಡಿ. ಹಂಗೇ ಹೇಳಿದ್ದು ತಾನೆ?

ಮಾಡ್ದೆ ಮೇಡಂ. ಬರ್ಕೊಳ್ಳಿ, ಮಾಡಿದಾರೆ ಅಂತ ಬರ್ಕೊಳ್ಳಿ. ಬಾಗ್ಲಲ್ಲಿ ನಿಂತೆ. ಗೇಟಿಗೂ ಹೋದೆ. ನಿನ್ನೆ ಅಂಗಡಿವರೆಗೂ ಹೋಗಿದ್ದೆ. ಹೂಂ, ಒಬ್ಳೇ! ಮುದ್ದಯ್ಯ ಗಲ್ಲಾಪೆಟ್ಟಿಗೆ ಮುಂದೆ ಕೂತಿದ್ದ, ಕನ್ನಡಕ ಹಣೆ ಮೇಲೆ ಏರ್ಸ್ಕೊಂಡು. "ಏನ್ ಕಂಡಕ್ಟ್ರಮ್ಮ, ರೂಟು ಮರ್ತುಬಿಟ್ಟಿದ್ರಾ?" ಅಂದ. ಒಂದು ಕಟ್ಟು ಊದ್ಬತ್ತಿ ತಗೊಂಡೆ. ಎದೆ ಹೊಡ್ಕೊಂತು, ಸುಳ್ಳ್ಯಾಕೆ ಹೇಳ್ಲಿ. ನಿಂತೆ. ಇಳೀತು. ನೀವಂದಂಗೇ ಇಳೀತು...

ಯಾಕೆ ಪೆನ್ನು ಮಡಗ್ಬಿಟ್ರಿ?

ಊದ್ಬತ್ತಿನಾ? ಒಳ್ಗಿದೆ, ದೇವ್ರ ಮುಂದೆ. ತೋರಿಸ್ಲಾ? ...ಯಾಕ್ ಹಂಗ್ ನೋಡ್ತೀರಿ ಮೇಡಂ? ನಂಬಲ್ವಾ? ಬೇಕಾದ್ರೆ ಹೋಗೋವಾಗ ಮುದ್ದಯ್ಯನ್ನೇ ಕೇಳಿ. ಕೇಳಿ! ಅಂಗಡಿ ಮುಂದೇನೇ ತಾನೆ ನೀವು ಬಸ್‌ಸ್ಟ್ಯಾಂಡಿಗೆ ಹೋಗೋದು?

ಯಾಕೆ ತಲೆ ಅಲ್ಲಾಡಿಸ್ತೀರಿ? ಕೇಳಕ್ಕಾಗಲ್ವಾ?

...

ಮುದ್ದಯ್ಯ ಹುಷಾರಾಗವ್ನೆ ತಾನೆ? ಹೂಂ. ಮತ್ತೆ... ಅಂಗಡಿ?

ಅಂಗಡಿ ಇಲ್ವಾ.

ಜೆಸಿಬಿ ಸದ್ದು ಕೇಳ್ತಿತ್ತು ಹೋದ್ವಾರ. ಚರಂಡಿ ಮಾಡ್ತವ್ರೆ ಅಂದ್ಕೊಂಡೆ. ಕಿಟ್ಕಿ ಹಾಕ್ಕೊಂಡೆ. ರೋಡ್ ಅಗ್ಲ ಮಾಡಕ್ಕೆ ಅಂಗಡಿ ಕೆಡವಿದ್ರಾ? ಇವ್ರೂ ಹೇಳ್ಲಿಲ್ಲ ನೋಡಿ. ನಾನೂ ಕೇಳಲ್ಲ, ಅವ್ರೂ ಹೇಳಲ್ಲ.

ಬೈಯ್ರಿ ಮೇಡಂ. ಒಂದ್ ಮಾತು ಬೈದ್ಬಿಡಿ.

ಹೋದ್ಸಲ ನೀವು ಹಿತ್ಲಲ್ಲಿ ನಿಂತು ಫೋನಲ್ಲಿ ಮಾತಾಡ್ತಿದ್ರಿ. ನಿಮ್ಮ ಸಾರ್ ಇರ್ಬೇಕು. "ಇಂಪ್ರೂವ್‌ಮೆಂಟ್ ಇಲ್ಲ ಅಂತ ಅವ್ರ ಮನೆಗೆ ಹೋಗೋದು ನಿಲ್ಸಕ್ಕಾಗಲ್ಲ ಸಾರ್, ಇನ್ನೊಂದ್ ಸ್ವಲ್ಪ ದಿನ" ಅಂದ್ರಿ. ಕೇಳಿಸ್ತು. ಇನ್ನೊಂದ್ ಸ್ವಲ್ಪ ದಿನ ಅಂದ್ರೆ... ಬಸ್ಸಲ್ಲಿ ಹದಿನಾರು ವರ್ಷ ಇದ್ದೋಳು ನಾನು, ಯಾರು ಎಲ್ಲಿ ಇಳೀತಾರೆ ಅಂತ ಮುಖ ನೋಡಿದ್ರೆ ಗೊತ್ತಾಗ್ತಿತ್ತು. ಮಾಡಿದೀನಿ ಅಂದ್ರೆ ಬರ್ತೀರೇನೋ ಅಂತ... ಅಷ್ಟೇ. ಇನ್ನೇನಿಲ್ಲ.

ಗೇಟಿಗೂ ಹೋಗಿಲ್ಲ ಮೇಡಂ. ಬಾಗ್ಲಲ್ಲೂ ನಿಂತಿಲ್ಲ. ಚಿಲ್ಕದ ಮೇಲೆ ಕೈ ಇಟ್ಟಿದ್ದೆ, ಒಂದಿನ. ಅದು ನಿಜ. ಬೇಕಾದ್ರೆ ಅದ್ನ ಬರ್ಕೊಳ್ಳಿ.

ಈಗ ಹೆಂಗೈತೆ ಆ ಜಾಗ? ಅಂಗಡಿ ಮರೆ ಇತ್ತು, ಆ ಕಡೆ ಏನೂ ಕಾಣ್ತಿರ್ಲಿಲ್ಲ. ಈಗ ಎಲ್ಲಾ ಬಯಲಾಯ್ತು ಹಂಗಾದ್ರೆ.

...ಎದ್ದ್ರಾ? ಬ್ಯಾಗು ಇಲ್ಲೇ ಬಿಟ್ಟು...

ಎಲ್ಲಿಗೆ ಮೇಡಂ? ಬಾಗ್ಲ ಹತ್ರ ಯಾಕೆ ಹೋಗ್ತೀರಿ? ...ಯಾಕೆ ಅಲ್ಲಿ ನೆಲದ್ ಮೇಲೆ ಕೂತ್ರಿ? ಬಾಗ್ಲಿಗೆ ಬೆನ್ನು ಕೊಟ್ಟು...

ಮೊದ್ಲು ಬಾಗ್ಲು... ಅಂದಿದ್ರಿ ಅಲ್ವಾ.

...ಅಲ್ಲಿ ಥಂಡಿ ಇರುತ್ತೆ, ನೆಲ. ತಡೀರಿ. ಚಾಪೆ ತರ್ತೀನಿ. ಇಬ್ರಿಗೂ ಆಗುತ್ತೆ.